ಮೊದಲ ಭೇಟಿ ಆಯಿತು, ಮುಂದೆ? ಬೆಂಗಳೂರಿನಲ್ಲಿ ಮಾನಸಿಕ ಚಿಕಿತ್ಸೆಯ ತೊಡಕುಗಳು

ಬೆಂಗಳೂರಿನಲ್ಲಿ ‘ನಿಮ್ಹಾನ್ಸ್’ ಎಂಬ ಹೆಸರು ಬೈಗುಳವಾಗಿಯೂ ಬಳಕೆಯಲ್ಲಿದೆ. ಅಡ್ಡಾದಿಡ್ಡಿ ಮಾತಾಡಿದ ಗೆಳೆಯನಿಗೆ ‘ನಿನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ’ ಎನ್ನುವುದು ಬಸ್ಸಿನಲ್ಲಿ, ಕಾಲೇಜಿನ ಕ್ಯಾಂಟೀನಿನಲ್ಲಿ, ಮನೆಯ ಊಟದ ಹೊತ್ತಿನಲ್ಲೂ ಕೇಳಿಬರುವ ಮಾತು. ಹೊಸೂರು ರಸ್ತೆಯ ಆ ಸಂಸ್ಥೆಯ ಬೇರು ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯಲ್ಲಿದೆ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರ ಡಿಸೆಂಬರಿನಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. 2012ರ ಕಾಯ್ದೆ ಅದಕ್ಕೆ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ನೀಡಿತು. ದೇಶದ ದೂರದೂರದ ಊರುಗಳಿಂದ ಜನ ರೈಲು ಹತ್ತಿ ಹುಡುಕಿಕೊಂಡು ಬರುವ ಸಂಸ್ಥೆಯೊಂದು ಊರೊಳಗೇ ಇರುವಾಗ, ಬೆಂಗಳೂರಿನವರಿಗೆ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಎಟಕುತ್ತಿಲ್ಲ ಎಂದರೆ ನಂಬುವುದು ಕಷ್ಟವೇ.

ಆದರೆ ಲೆಕ್ಕ ಬೇರೆಯದನ್ನು ಹೇಳುತ್ತದೆ. ಇದೇ ನಿಮ್ಹಾನ್ಸ್‌ನ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಗ್ರಾಮೀಣ ಪ್ರದೇಶದಲ್ಲಿ ಈ ಪ್ರಮಾಣ ಶೇ 7ರ ಆಸುಪಾಸಿನಲ್ಲಿದ್ದರೆ ಮಹಾನಗರಗಳಲ್ಲಿ ಶೇ 14.7ಕ್ಕೆ ಏರಿತ್ತು. ತೊಂದರೆಯಿದ್ದವರಲ್ಲಿ ಚಿಕಿತ್ಸೆ ಪಡೆಯದೇ ಉಳಿದವರ ಪಾಲು, ಕಾಯಿಲೆಯನ್ನು ಅವಲಂಬಿಸಿ, ಶೇ 70ರಿಂದ 92ರವರೆಗೆ ಇತ್ತು. ಕರ್ನಾಟಕ ಆ 12 ರಾಜ್ಯಗಳಲ್ಲಿ ಇರಲಿಲ್ಲ ಎಂಬುದನ್ನು ನೆನಪಿಡಬೇಕು, ಆದರೆ ಮಹಾನಗರಗಳ ಅಂಕಿ ನಮ್ಮ ನಗರಕ್ಕೆ ಅನ್ವಯಿಸಲಾರದು ಎಂದುಕೊಳ್ಳಲು ಕಾರಣವೇನೂ ಕಾಣುವುದಿಲ್ಲ.

ಇಷ್ಟು ದೊಡ್ಡ ಅಂತರಕ್ಕೆ ಸಭೆಗಳಲ್ಲಿ ಸಾಮಾನ್ಯವಾಗಿ ಸಿಗುವ ವಿವರಣೆ ಒಂದೇ: ಜನರಲ್ಲಿ ಅರಿವಿಲ್ಲ, ಕಳಂಕದ ಭಯವಿದೆ. ಇದು ಸುಳ್ಳಲ್ಲ. ಆದರೆ ಈ ವಿವರಣೆಯಲ್ಲೊಂದು ಅನುಕೂಲವಿದೆ. ತಪ್ಪೆಲ್ಲ ಬಾರದೇ ಉಳಿದವನ ತಲೆಗೆ ಹೋಗುತ್ತದೆ, ವ್ಯವಸ್ಥೆ ಒಂದು ಬೀದಿನಾಟಕ, ನಾಲ್ಕು ಭಿತ್ತಿಪತ್ರಗಳಲ್ಲಿ ಕೈತೊಳೆದುಕೊಳ್ಳಬಹುದು. ನಾನು ಹತ್ತಿರದಿಂದ ಕಂಡ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನಲ್ಲಿ ಹೆಚ್ಚಿನವರು ಹೇಗೋ ಒಮ್ಮೆ ವೈದ್ಯರ ಬಾಗಿಲಿಗೆ ಹೋಗಿಬಂದಿರುತ್ತಾರೆ. ಅವರು ಎರಡನೇ ಸಲ ಹೋಗುವುದಿಲ್ಲ. ತೊಡಕುಗಳನ್ನು ಅಳೆಯಬೇಕಾದದ್ದು ಆ ಎರಡನೇ ಭೇಟಿಯಲ್ಲಿ.

ನಮ್ಮ ಮನೆಯ ಹಿಂದಿನ ವಠಾರದಲ್ಲಿ ಕುಣಿಗಲ್ ಕಡೆಯ ಹೆಂಗಸೊಬ್ಬರು ಬಾಡಿಗೆಗಿದ್ದಾರೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅವರು ‘ಖಿನ್ನತೆ’ ಎಂಬ ಪದವನ್ನು ಎಂದೂ ಬಳಸಿದವರಲ್ಲ. ‘ಸುಸ್ತಣ್ಣ, ಎದೆ ಹಿಡ್ಕೊಂಡಂಗೆ ಆಗ್ತದೆ, ರಾತ್ರಿ ಮೂರಕ್ಕೇ ಎಚ್ಚರ ಆಗ್ಬಿಡ್ತದೆ’ ಎನ್ನುತ್ತಿದ್ದರು. ಬಡಾವಣೆಯ ಕ್ಲಿನಿಕ್ಕಿನಲ್ಲಿ ಒಂದು ವರ್ಷದ ಅವಧಿಯಲ್ಲಿ ಎರಡು ಸಲ ಇಸಿಜಿ, ಒಂದು ಸಲ ಥೈರಾಯ್ಡ್ ಪರೀಕ್ಷೆ, ಲೆಕ್ಕವಿಲ್ಲದಷ್ಟು ಬಿ-ಕಾಂಪ್ಲೆಕ್ಸ್ ಮಾತ್ರೆ, ಸುಸ್ತು ಜಾಸ್ತಿಯಾದ ದಿನ ಗ್ಲೂಕೋಸ್ ಬಾಟಲಿ. ಊರಿನಲ್ಲಿ ತಾಯತವನ್ನೂ ಕಟ್ಟಿಸಿದ್ದಾಯಿತು. ಕೊನೆಗೆ ಮಗಳ ಶಾಲೆಯ ಶಿಕ್ಷಕಿಯೊಬ್ಬರು ಹೇಳಿದ ಮೇಲೆ, ಮನೋವೈದ್ಯರಿಗೆ ತೋರಿಸಲು ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಹೊರಟರು. ಚೀಟಿ ಮಾಡಿಸಲು ಗೊತ್ತಾಗುವುದಿಲ್ಲವೆಂದು ನನ್ನನ್ನೂ ಕರೆದುಕೊಂಡರು.

ಬೆಳಿಗ್ಗೆ ಏಳಕ್ಕೆ ಸಾಲಿನಲ್ಲಿ ನಿಂತೆವು. ಹಳೆಯ ಚೀಟಿಗಳೆಲ್ಲ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿದ್ದವು. ಹೊಸ ಫೈಲ್ ಮಾಡಿಸಿ, ತೂಕ ಬಿಪಿ ನೋಡಿಸಿ, ಬೆಂಚಿನ ಮೇಲೆ ಕೂತು, ಹೆಸರು ಕೂಗುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡು ದಾಟಿತ್ತು. ಒಳಗಿದ್ದದ್ದು ಹದಿನೈದು ನಿಮಿಷ. ವೈದ್ಯರು ಸೌಜನ್ಯದಿಂದಲೇ ಮಾತಾಡಿದರು, ಸರಿಯಾದ ಪ್ರಶ್ನೆಗಳನ್ನೇ ಕೇಳಿದರು, ಒಂದು ತಿಂಗಳ ಮಾತ್ರೆ ಬರೆದರು. ಆದರೆ ಮೊದಲ ವಾರ ಮಾತ್ರೆ ಕೊಟ್ಟದ್ದು ವಾಕರಿಕೆ ಮತ್ತು ತೂಕಡಿಕೆಯನ್ನು. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಇರುವ ಲೈನಿನಲ್ಲಿ ತೂಕಡಿಸಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹತ್ತನೇ ದಿನಕ್ಕೆ ಮಾತ್ರೆ ನಿಂತಿತು. ಉಳಿದ ಇಪ್ಪತ್ತು ಮಾತ್ರೆಗಳು ಗ್ಯಾಸ್ ಒಲೆಯ ಮೇಲಿನ ಶೆಲ್ಫಿನಲ್ಲಿ, ಸಕ್ಕರೆ ಡಬ್ಬಿಯ ಪಕ್ಕ ಉಳಿದವು. ಚೀಟಿಯ ಕೆಳಗೆ ಬರೆದಿದ್ದ ಮುಂದಿನ ಭೇಟಿಯ ದಿನ ಬಂತು, ಹೋಯಿತು.

ಅಂಕಿಅಂಶಗಳಲ್ಲಿ ಆಕೆ ಚಿಕಿತ್ಸೆ ಪಡೆದವರೋ ಪಡೆಯದವರೋ? ಒಮ್ಮೆ ಹೋಗಿದ್ದಕ್ಕೆ ಪಡೆದವರ ಪಟ್ಟಿಗೂ ಸೇರಬಹುದು. ಮನೋರೋಗದ ಔಷಧಿಗಳ ಸ್ವಭಾವವನ್ನು ತಿಳಿಯದೆ ಈ ಪ್ರಶ್ನೆ ಅರ್ಥವಾಗುವುದಿಲ್ಲ. ಖಿನ್ನತೆಯ ಮಾತ್ರೆಗಳ ಒಳ್ಳೆಯ ಪರಿಣಾಮ ಗೊತ್ತಾಗಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಡ್ಡಪರಿಣಾಮ ಮಾತ್ರ ಮೊದಲ ವಾರವೇ ಹಾಜರು. ಜ್ವರದ ಮಾತ್ರೆ ನುಂಗಿ ಸಂಜೆಯೊಳಗೆ ಬೆವರಿ ಹಗುರಾಗುವ ರೂಢಿಯಿರುವ ನಮಗೆ ಇದು ತಲೆಕೆಳಗಾದ ವ್ಯವಹಾರ. ಮೇಲಾಗಿ, ಹುಷಾರಾದ ಬಳಿಕವೂ ಆರೆಂಟು ತಿಂಗಳು ಮಾತ್ರೆ ಮುಂದುವರಿಸಬೇಕು, ಇಲ್ಲವಾದರೆ ಕಾಯಿಲೆ ಮರಳುವ ಸಾಧ್ಯತೆ ಹೆಚ್ಚು. ಅತಿ ಉತ್ಸಾಹ, ಖಿನ್ನತೆಗಳು ಸರದಿಯಲ್ಲಿ ಬರುವ ಬೈಪೋಲಾರ್ ತೊಂದರೆಗೆ ಲಿಥಿಯಂ ತೆಗೆದುಕೊಳ್ಳುವವರು ರಕ್ತದಲ್ಲಿ ಅದರ ಪ್ರಮಾಣವನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು. ಬೇರೆ ಮದ್ದಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪೀನ್ ಶುರುಮಾಡಿದರೆ ಮೊದಲ 18 ವಾರ ಪ್ರತಿ ವಾರವೂ ಬಿಳಿ ರಕ್ತಕಣಗಳ ಎಣಿಕೆಯಾಗಬೇಕೆಂಬುದು ರೂಢಿಯ ನಿಯಮ. ಮಾತಿನ ಚಿಕಿತ್ಸೆಗಂತೂ ಸಾಮಾನ್ಯವಾಗಿ ವಾರಕ್ಕೊಂದರಂತೆ ಹತ್ತು-ಹನ್ನೆರಡು ಭೇಟಿ ಬೇಕು. ಹೀಗೆ ಮತ್ತೆ ಮತ್ತೆ ಹೋಗಬೇಕಾದ ಈ ಚಿಕಿತ್ಸೆಯನ್ನು, ಒಂದು ಸಲ ಹೋಗುವುದೇ ಸಾಹಸವಾಗಿರುವ ಊರಿನಲ್ಲಿ ಪಡೆಯಬೇಕಾಗಿದೆ.

ಒಂದು ಭೇಟಿಯ ಬೆಲೆ ಎಷ್ಟು? ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿಗೆ ಅಲ್ಪ ಮೊತ್ತ, ಬಿಪಿಎಲ್ ಕಾರ್ಡ್ ಇದ್ದವರಿಗೆ ರಿಯಾಯಿತಿ. ಆದ್ದರಿಂದ ದುಬಾರಿಯಲ್ಲ ಎಂದು ಹೇಳಿಬಿಡಬಹುದು. ಆದರೆ ಮೇಲಿನ ಸಮೀಕ್ಷೆಯೇ ಕಂಡಂತೆ ಕುಟುಂಬಗಳು ತಿಂಗಳಿಗೆ 1,000ದಿಂದ 1,500 ರೂಪಾಯಿಯನ್ನು ಮುಖ್ಯವಾಗಿ ಚಿಕಿತ್ಸೆಗೆ ಮತ್ತು ಅದಕ್ಕಾಗಿ ಓಡಾಡುವುದಕ್ಕೆ ಖರ್ಚು ಮಾಡುತ್ತಿದ್ದವು. ಗಾರ್ಮೆಂಟ್ಸ್‌ನವರಿಗೆ ಒಂದು ದಿನದ ರಜೆ ಎಂದರೆ ಆ ದಿನದ ಕೂಲಿಯ ಜೊತೆಗೆ ತಿಂಗಳ ಹಾಜರಾತಿ ಬೋನಸ್ಸೂ ಹೋದಂತೆ. ಜೊತೆಗೆ ಬಂದ ಗಂಡನದೋ ತಮ್ಮನದೋ ಕೂಲಿ ಬೇರೆ. ಇಲ್ಲೊಂದು ಮಾತು ಹೇಳಬೇಕು: 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಬಗ್ಗೆ ಪರ-ವಿರೋಧ ಏನೇ ಇರಲಿ, ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದು ಆಸ್ಪತ್ರೆಗೆ ಹೋಗುವ ಹೆಂಗಸರನ್ನು ಕಂಡಾಗ, ಮಾನಸಿಕ ಆರೋಗ್ಯದ ಹೆಸರೆತ್ತದೆಯೇ ಅದಕ್ಕೆ ನೆರವಾದ ಯೋಜನೆಯಿದು ಎನಿಸುತ್ತದೆ. ಬಸ್ಸಿನ ದುಡ್ಡು ಉಳಿಯಿತು, ದಿನ ಉಳಿಯಲಿಲ್ಲ.

ಕಾರ್ಮಿಕರ ವಿಮಾ ಯೋಜನೆಯಾದ ಇಎಸ್ಐ ಇದೆಯಲ್ಲ ಎಂದು ಕೇಳಬಹುದು. ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವ ಕಾರ್ಮಿಕರ ಸಂಬಳದಲ್ಲಿ ಶೇ 0.75 ಅದಕ್ಕೆಂದೇ ಕಡಿತವಾಗುತ್ತದೆ. ಅದರಲ್ಲಿ ದೀರ್ಘಕಾಲದ ಕಾಯಿಲೆಗಳಿಗೆ ವೇತನದ ಶೇ 80ರಷ್ಟನ್ನು ಎರಡು ವರ್ಷದವರೆಗೂ ಕೊಡುವ ವಿಸ್ತೃತ ಸೌಲಭ್ಯವಿದ್ದು, ಆ ಕಾಯಿಲೆಗಳ ಪಟ್ಟಿಯಲ್ಲಿ ಕ್ಷಯ, ಕ್ಯಾನ್ಸರ್‌ಗಳ ಜೊತೆ ತೀವ್ರ ಮನೋರೋಗಗಳೂ ಸೇರಿವೆ. ನಾನು ಮಾತಾಡಿಸಿದ ಏಳೆಂಟು ಕಾರ್ಮಿಕರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಅರಿವಿನ ಕೊರತೆ ಎಂದು ಹೇಳುವುದಾದರೆ ಇದನ್ನು ಹೇಳಬೇಕು. ಕಾಯಿಲೆಯ ಅರಿವಿಗಿಂತ ಹಕ್ಕಿನ ಅರಿವು ಕಡಿಮೆ.

ಇನ್ನು ಆಸ್ಪತ್ರೆಗಳ ಏಣಿಯ ಸಂಗತಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಬಹುದು ಎಂಬುದನ್ನು ದೇಶಕ್ಕೆ ತೋರಿಸಿಕೊಟ್ಟದ್ದು ಕನ್ನಡನಾಡೇ. 1985ರಿಂದ 1990ರವರೆಗೆ ನಿಮ್ಹಾನ್ಸ್ ತಂಡ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬಳಿಕ ರಾಜ್ಯ ಸರ್ಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಮಾಡಿತು. ತಾಲ್ಲೂಕಿನಲ್ಲಿ ಇದರ ಬೆಲೆ ದೊಡ್ಡದು: ಸಂತೆಗೆ ಬರುವಂತೆ ಬಂದು, ಮಾತ್ರೆ ತೆಗೆದುಕೊಂಡು, ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗಬಹುದು.

ವಿಚಿತ್ರವೆಂದರೆ, ಬೆಂಗಳೂರಿನ ಬಡಾವಣೆಯವರ ಕಣ್ಣಿಗೆ ಈ ನಡುವಿನ ಮೆಟ್ಟಿಲು ಬೀಳುವುದೇ ಇಲ್ಲ. ಅವರ ಪಾಲಿಗೆ ಒಂದು ಕಡೆ ಮೂಲೆಯ ಕ್ಲಿನಿಕ್ಕು, ಇನ್ನೊಂದು ಕಡೆ ನಿಮ್ಹಾನ್ಸ್. ವಿಕ್ಟೋರಿಯಾ, ಬೌರಿಂಗ್‌ನಂಥ ಬೋಧನಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ಖಾಸಗಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಇದೆ, ಇರಲೇಬೇಕು. ನಿದ್ದೆ ಬಾರದವರಿಗೆ, ಎದೆ ಡವಡವ ಎನ್ನುವವರಿಗೆ, ಬಾಣಂತಿಯಾದ ಮೇಲೆ ಸುಮ್ಮಸುಮ್ಮನೆ ಅಳು ಬರುವವರಿಗೆ ಅಷ್ಟು ಸಾಕು. ಆದರೂ ಮನಸ್ಸಿನ ಕಾಯಿಲೆ ಎಂದೊಡನೆ ಎಲ್ಲರ ಬೆರಳೂ ಹೊಸೂರು ರಸ್ತೆಯತ್ತ ತೋರಿಸುತ್ತದೆ. ಇದರಿಂದ ನಷ್ಟ ಎರಡು: ತೀರಾ ಜಟಿಲವಾದ ಪ್ರಕರಣಗಳಿಗೆ ಮೀಸಲಾಗಬೇಕಾದ ತಜ್ಞರ ಸಮಯ ಸಾಮಾನ್ಯ ತೊಂದರೆಗಳಿಗೆ ಖರ್ಚಾಗುತ್ತದೆ, ಮತ್ತು ಸಾಮಾನ್ಯ ತೊಂದರೆಯಿರುವವರು ‘ಅಷ್ಟಕ್ಕೆಲ್ಲ ನಿಮ್ಹಾನ್ಸಾ?’ ಎಂದು ಹೋಗುವುದೇ ಇಲ್ಲ. ವಾರ್ಡುಗಳಲ್ಲಿ ಸರ್ಕಾರ ತೆರೆದಿರುವ ‘ನಮ್ಮ ಕ್ಲಿನಿಕ್’ಗಳು ಈ ನಡುವಿನ ಮೆಟ್ಟಿಲಾಗಬಹುದು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತಿಂಗಳಿಗೊಮ್ಮೆ ಕೊಡುವ ಅದೇ ವೈದ್ಯರು, ತಜ್ಞರು ಒಮ್ಮೆ ಬರೆದುಕೊಟ್ಟ ಖಿನ್ನತೆಯ ಮಾತ್ರೆಯನ್ನೂ ಮುಂದುವರಿಸಿ ಕೊಡಲು ತಾತ್ವಿಕವಾಗಿ ಅಡ್ಡಿಯಿಲ್ಲ. ಬಳ್ಳಾರಿಯಲ್ಲಿ ನಲವತ್ತು ವರ್ಷದ ಹಿಂದೆ ಆದದ್ದು ಅದೇ. ಎಂಬಿಬಿಎಸ್ ಓದಿನಲ್ಲಿ ಮನೋವೈದ್ಯಶಾಸ್ತ್ರಕ್ಕೆ ಸಿಗುವುದು ಕೆಲವೇ ವಾರಗಳಾದ್ದರಿಂದ ಅದಕ್ಕೆ ತರಬೇತಿ ಬೇಕು, ಔಷಧಿಯ ದಾಸ್ತಾನೂ ಬೇಕು. ಇಂದಿಗೂ ಬಡಾವಣೆಯ ಮೆಡಿಕಲ್ ಶಾಪಿನಲ್ಲಿ ಇಂಥ ಚೀಟಿ ಕೊಟ್ಟರೆ ‘ಇದು ನಮ್ಮಲ್ಲಿ ಇಟ್ಟಿರಲ್ಲ, ಆ ಆಸ್ಪತ್ರೆ ಹತ್ರಾನೇ ತಗೊಳ್ಳಿ’ ಎಂಬ ಉತ್ತರವೇ ಸಾಮಾನ್ಯ.

ತಜ್ಞರ ಸಂಖ್ಯೆ ಕಡಿಮೆ ಎಂಬುದಂತೂ ಎಲ್ಲರಿಗೂ ಗೊತ್ತಿರುವ ಸಂಗತಿ. ಲಕ್ಷ ಜನರಿಗೆ 0.75 ಮನೋವೈದ್ಯರು ಎಂಬ ಲೆಕ್ಕವನ್ನು 2023ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಎತ್ತಿ ಹೇಳಿತು. ಆದರೆ ಬೆಂಗಳೂರಿನಲ್ಲಿ ಅದಕ್ಕಿಂತ ತೀಕ್ಷ್ಣವಾದ ಪ್ರಶ್ನೆ, ಇರುವ ತಜ್ಞರು ಯಾವ ಭಾಷೆಯಲ್ಲಿ ಕೇಳಿಸಿಕೊಳ್ಳುತ್ತಾರೆ ಎಂಬುದು. ಮೂಳೆ ಮುರಿದರೆ ಎಕ್ಸ್‌ರೇ ತೋರಿಸಬಹುದು. ಮನಸ್ಸಿನ ಕಾಯಿಲೆಯಲ್ಲಿ ರೋಗಿಯ ಮಾತೇ ಎಕ್ಸ್‌ರೇ. ‘ಬೇಜಾರು’ ಎಂಬ ಒಂದು ಪದವನ್ನೇ ನೋಡಿ: ಬೇಸರ, ದುಃಖ, ಸಿಟ್ಟು, ಜಿಗುಪ್ಸೆ, ಜೀವವೇ ಬೇಡವೆನಿಸುವುದು, ಎಲ್ಲಕ್ಕೂ ನಾವು ಅದೊಂದನ್ನೇ ಬಳಸುತ್ತೇವೆ, ಎಲ್ಲಿ ಯಾವುದು ಎಂಬುದು ಹೇಳುವವರ ದನಿಯಲ್ಲಿ ಇರುತ್ತದೆ. ದೇಶದ ಬೇರೆ ಮೂಲೆಯಿಂದ ಓದಲು ಬಂದ ಯುವ ವೈದ್ಯರು ಎಷ್ಟೇ ಜಾಣರಾದರೂ, ಪಕ್ಕದಲ್ಲಿ ನಿಂತ ಅಟೆಂಡರ್ ಅನುವಾದಿಸಿ ಹೇಳುವ ‘ಬೇಜಾರು’ ಅವರಿಗೆ ಅರ್ಧ ಮಾತ್ರ ತಲುಪೀತು. ಖಾಸಗಿ ಕೌನ್ಸೆಲಿಂಗ್‌ನ ಲೋಕವಂತೂ ಬಹುಮಟ್ಟಿಗೆ ಇಂಗ್ಲಿಷಿನದು. ಇಂಗ್ಲಿಷಿನಲ್ಲೇ ಕೆಲಸ ಮಾಡುವ ಸಾಫ್ಟ್‌ವೇರ್ ಉದ್ಯೋಗಿಗೂ ಅಪ್ಪನ ಮೇಲಿನ ಸಿಟ್ಟು ಇಂಗ್ಲಿಷಿನಲ್ಲಿ ಬರುವುದಿಲ್ಲ. ಅದೇ ರೀತಿ, ಒಡಿಶಾದಿಂದಲೋ ಅಸ್ಸಾಮಿನಿಂದಲೋ ಕಟ್ಟಡದ ಕೆಲಸಕ್ಕೆ ಬಂದವನಿಗೆ ನಮ್ಮ ಕನ್ನಡದ ಕ್ಲಿನಿಕ್ಕೂ ಅಷ್ಟೇ ದೂರ. ಆ ಮಾತನ್ನು ನಾವು ಮರೆಯಬಾರದು.

ಈ ಕೊರತೆಯನ್ನು ತುಂಬುವ ಕೆಲಸ ನಡೆದೇ ಇಲ್ಲವೆಂದಲ್ಲ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ, 2024ರಲ್ಲಿ ಪದ್ಮಶ್ರೀ ಗೌರವ ಪಡೆದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಕನ್ನಡದಲ್ಲೇ ಬರೆಯುತ್ತ, ತಜ್ಞರಲ್ಲದ ಆಸಕ್ತರಿಗೂ ಆಪ್ತ ಸಲಹೆಯ ತರಬೇತಿ ಕೊಟ್ಟು, ‘ಸಮಾಧಾನ’ ಕೇಂದ್ರದ ಮೂಲಕ ಉಚಿತ ಸಲಹೆ ದೊರೆಯುವಂತೆ ಮಾಡಿದರು. ‘ಕೌನ್ಸೆಲಿಂಗ್’ ಎಂಬುದಕ್ಕೆ ‘ಆಪ್ತ ಸಮಾಲೋಚನೆ’ ಎಂಬ ಮಾತು ಇಂದು ಕನ್ನಡದ ಸಾಮಾನ್ಯ ಓದುಗರಿಗೂ ಪರಿಚಿತ. ಆದರೆ ಒಬ್ಬಿಬ್ಬರ ಛಲದ ಮೇಲೆ ಕೋಟಿ ದಾಟಿದ ಜನಸಂಖ್ಯೆಯ ನಗರವನ್ನು ನಿಲ್ಲಿಸಲಾಗದು.

ಭಯದ ವಿಷಯಕ್ಕೆ ಬರೋಣ. ‘ನಾಲ್ಕು ಜನ ಏನಂತಾರೆ’ ಎಂಬ ಭಯವನ್ನು ಮೌಢ್ಯ ಎಂದು ತಳ್ಳಿಹಾಕುವವರು ಅದರ ಹಿಂದಿರುವ ಲೆಕ್ಕಾಚಾರವನ್ನು ಗಮನಿಸುವುದಿಲ್ಲ. ಮದುವೆಯ ವಯಸ್ಸಿನ ಮಗಳ ಹೆಸರಿನಲ್ಲಿ ಆಸ್ಪತ್ರೆಯ ಫೈಲ್ ಇರಬಾರದು ಎಂದು ತಾಯಿ ಹಟ ಹಿಡಿದರೆ, ಆಕೆಗೆ ಕಾನೂನಿನ ಅಕ್ಷರ ಗೊತ್ತಿಲ್ಲದಿದ್ದರೂ ವಾಸನೆ ಗೊತ್ತಿದೆ. ಮಾನಸಿಕ ಅಸ್ವಸ್ಥತೆಯನ್ನು ವಿಚ್ಛೇದನಕ್ಕೆ ಒಂದು ಆಧಾರವೆಂದು ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ ಇಂದಿಗೂ ಹೇಳುತ್ತದೆ. ಕಾಯಿಲೆ ಇದ್ದ ಮಾತ್ರಕ್ಕೆ ಅಷ್ಟು ಸಾಕಾಗುವುದಿಲ್ಲ, ಜೊತೆಯಲ್ಲಿ ಬಾಳುವುದು ಅಸಾಧ್ಯವೆನಿಸುವಷ್ಟು ತೀವ್ರವಾಗಿರಬೇಕು ಎಂಬ ಷರತ್ತು ಅದರಲ್ಲೇ ಇದೆ; ಆದರೆ ನೋಟಿಸು ಬಂದ ಮನೆಯವರಿಗೆ ಷರತ್ತು ಓದುವ ವ್ಯವಧಾನ ಇರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೊಂದು ದಿಕ್ಕಿನಿಂದ ರಕ್ಷಣೆ ಕೊಡುತ್ತದೆ: ಚಿಕಿತ್ಸೆ ಪಡೆದ ಮಾತ್ರಕ್ಕೆ, ನ್ಯಾಯಾಲಯ ಹೇಳದ ಹೊರತು, ಯಾರನ್ನೂ ಅಸ್ವಸ್ಥಚಿತ್ತರೆಂದು ಪರಿಗಣಿಸುವಂತಿಲ್ಲ; ರೋಗಿಯ ವಿವರಗಳನ್ನು ಗೋಪ್ಯವಾಗಿಡಬೇಕು; ಸರ್ಕಾರದ ಖರ್ಚಿನಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಜೀವ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಶಿಕ್ಷಿಸಬಾರದೆಂದೂ ಆ ಕಾಯ್ದೆ ಹೇಳಿತು, ಮತ್ತು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಅಂಥ ಯತ್ನಕ್ಕೆ ವಿಧಿಸುತ್ತಿದ್ದ ಸಾಮಾನ್ಯ ಶಿಕ್ಷೆ ಇಲ್ಲವಾಯಿತು. ಆದರೂ ತುರ್ತು ಚಿಕಿತ್ಸಾ ವಿಭಾಗದಲ್ಲಿ ‘ಪೊಲೀಸ್ ಕೇಸ್ ಆಗುತ್ತಾ ಸಾರ್?’ ಎಂಬ ಪ್ರಶ್ನೆ ನಿಂತಿಲ್ಲ. ಆ ಭಯಕ್ಕೆ ಸತ್ಯ ಮುಚ್ಚಿಟ್ಟು, ಹೊಟ್ಟೆನೋವೆಂದು ಬರೆಸಿ, ಎರಡನೇ ದಿನ ಮನೆಗೆ ಕರೆದೊಯ್ದವರು ಮನೋವೈದ್ಯರ ಬಳಿ ಹೋಗುವ ಮಾತೇ ಇಲ್ಲ.

ಹಣವಿರುವವರ ದಾರಿಯೂ ಸಲೀಸಲ್ಲ. ಖಾಸಗಿಯಲ್ಲಿ ಒಂದು ಗಂಟೆಯ ಮಾತುಕತೆಗೆ ಸಾವಿರದಿಂದ ಎರಡು-ಮೂರು ಸಾವಿರ ರೂಪಾಯಿ ಸಾಮಾನ್ಯವಾಗಿಬಿಟ್ಟಿದೆ. ದೇಹದ ಕಾಯಿಲೆಗೆ ಸಿಗುವ ವಿಮೆ ಮನಸ್ಸಿನ ಕಾಯಿಲೆಗೂ ಅದೇ ಆಧಾರದಲ್ಲಿ ಸಿಗಬೇಕೆಂದು 2017ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ, ವಿಮಾ ನಿಯಂತ್ರಣ ಪ್ರಾಧಿಕಾರವೂ 2018ರ ಆಗಸ್ಟ್‌ನಲ್ಲಿ ಕಂಪನಿಗಳಿಗೆ ಅದನ್ನೇ ಸೂಚಿಸಿತು. ಕಾಗದದ ಮೇಲೆ ಸಮಾನತೆ ಬಂತು. ಆದರೆ ನಮ್ಮ ಆರೋಗ್ಯ ವಿಮೆ ಹೆಚ್ಚಾಗಿ ಆಸ್ಪತ್ರೆಗೆ ದಾಖಲಾದವರಿಗಾಗಿ ಇರುವುದು, ಆಯುಷ್ಮಾನ್ ಯೋಜನೆಯೂ ಹಾಗೆಯೇ. ಮನೋಚಿಕಿತ್ಸೆಯಾದರೋ ಬಹುಪಾಲು ಹೊರರೋಗಿಯಾಗಿಯೇ ನಡೆಯುವಂಥದ್ದು. ವಿಮೆಯ ಕೈ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದಲೇ ಈ ಕಾಯಿಲೆಯ ಖರ್ಚು ಶುರು. ಕಂಪನಿಗಳು ಉಚಿತವಾಗಿ ಕೊಡುವ ಕೌನ್ಸೆಲಿಂಗ್ ಬಳಸಲು ಹಿಂಜರಿಯುವ ಐಟಿ ಉದ್ಯೋಗಿಗಳನ್ನೂ ಬಲ್ಲೆ, ಬಡ್ತಿಯ ಹೊತ್ತಿಗೆ ಎಚ್‌ಆರ್‌ ಕಿವಿಗೆ ಬಿದ್ದರೆ ಎಂಬ ಅಳುಕು.

2022ರ ಅಕ್ಟೋಬರ್ 10ರಂದು ಬೆಂಗಳೂರಿನಲ್ಲೇ ಉದ್ಘಾಟನೆಗೊಂಡ ಟೆಲಿ ಮಾನಸ್ ಸೇವೆ ಈ ಅಡ್ಡಿಗಳಲ್ಲಿ ಕೆಲವನ್ನಾದರೂ ಹಾರಿ ದಾಟುತ್ತದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೂ, ಹಣವಿಲ್ಲದೆ ಮಾತಾಡಬಹುದು. ದಿನ ಹಾಳಾಗುವುದಿಲ್ಲ, ಫೈಲ್ ಹಿಡಿದು ಅಲೆಯಬೇಕಿಲ್ಲ. ಕಷ್ಟವಿರುವುದು ಮಾತಾಡಲು ಜಾಗ ಸಿಗುವುದರಲ್ಲಿ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಕೋಣೆಯಲ್ಲಿ ಐದು ಜನ ಮಲಗುವ ಮನೆಯಲ್ಲಿ ಗಂಡನ ಕುಡಿತದ ಬಗ್ಗೆ ಯಾರೊಡನೆ, ಯಾವ ದನಿಯಲ್ಲಿ ಹೇಳುವುದು? ವಠಾರದ ಟೆರೇಸಿನಲ್ಲಿ ಸಿಂಟೆಕ್ಸ್ ಟ್ಯಾಂಕಿನ ಹಿಂದೆ, ಒಣಗಿದ ಬಟ್ಟೆ ಎತ್ತುವ ನೆಪದಲ್ಲಿ ಫೋನ್ ಹಿಡಿದು ನಿಂತವರನ್ನು ಕಂಡಿದ್ದೇನೆ. ಪಿಜಿಯಲ್ಲಿ ಮೂವರು ಹಂಚಿಕೊಂಡ ಕೋಣೆಯಲ್ಲಿರುವ ಹುಡುಗಿಯರ ಪಾಡೂ ಅದೇ. ಒಂಟಿಯಾಗಿ ಊರಿಗೆ ಬಂದ ಇಂಥವರಿಗೆ ಆಸ್ಪತ್ರೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಜೊತೆಗೆ ಯಾರು ಬಂದಿದ್ದೀರಿ?’ ಎಂಬುದು. ವಯಸ್ಕರು ತಾವೇ ಬಂದು ತೋರಿಸಿಕೊಳ್ಳುವುದಕ್ಕೆ, ಬೇಕಾದರೆ ತಾವೇ ದಾಖಲಾಗುವುದಕ್ಕೆ ಕಾಯ್ದೆ ಅವಕಾಶ ಕೊಟ್ಟಿದೆ. ಕೌಂಟರಿನ ರೂಢಿ ಇನ್ನೂ ಕುಟುಂಬವನ್ನು ಹುಡುಕುತ್ತಿರುತ್ತದೆ.

ಇಷ್ಟೆಲ್ಲದರಲ್ಲಿ ಅತಿ ಅಗ್ಗದ್ದೂ ಅತಿ ಅಪರೂಪದ್ದೂ ಆದ ಪರಿಹಾರವೊಂದಿದೆ. ಮಾತ್ರೆ ಶುರುಮಾಡಿದ ಏಳನೇ ಅಥವಾ ಎಂಟನೇ ದಿನ ಆಸ್ಪತ್ರೆಯಿಂದ ಒಂದು ಫೋನು: ‘ವಾಕರಿಕೆ ಇದೆಯಾ ಅಮ್ಮಾ? ಊಟ ಆದ್ಮೇಲೆ ತಗೊಳ್ಳಿ, ಇನ್ನೊಂದು ವಾರದಲ್ಲಿ ಕಡಿಮೆ ಆಗುತ್ತೆ, ನಿಲ್ಲಿಸ್ಬೇಡಿ.’ ಇದಕ್ಕೆ ಮನೋವೈದ್ಯರೇ ಬೇಕಿಲ್ಲ, ತರಬೇತಿ ಪಡೆದ ನರ್ಸೋ ಆಶಾ ಕಾರ್ಯಕರ್ತೆಯೋ ಸಾಕು. ಕ್ಷಯರೋಗದ ಮಾತ್ರೆ ಬಿಟ್ಟವರನ್ನು ಮನೆಗೆ ಹುಡುಕಿಕೊಂಡು ಹೋಗುವ ಆರೋಗ್ಯ ವ್ಯವಸ್ಥೆಗೆ ಇದು ಗೊತ್ತಿಲ್ಲದ ವಿದ್ಯೆಯಲ್ಲ. ಇದರ ಜೊತೆಗೆ ವಾರಕ್ಕೆರಡು ದಿನ ಸಂಜೆಯ ಒಪಿಡಿ, ಮರುಭೇಟಿಯವರಿಗೆ ಬೇರೆ ಸಾಲು, ಸ್ಥಿರವಾಗಿರುವವರಿಗೆ ಒಂದರ ಬದಲು ಎರಡು ತಿಂಗಳ ಮಾತ್ರೆ. ಹೊಸ ಕಟ್ಟಡದ ಶಂಕುಸ್ಥಾಪನೆಯಂತೆ ಇವುಗಳ ಫೋಟೊ ತೆಗೆಸಿಕೊಳ್ಳಲಾಗುವುದಿಲ್ಲ ಎಂಬುದೊಂದು ಕೊರತೆ.

ವಠಾರದ ಆ ಹೆಂಗಸು ಎಂಟು ತಿಂಗಳ ಬಳಿಕ, ಮನೆಯಿಂದ ಒಂದೇ ಬಸ್ಸಿನ ದೂರದಲ್ಲಿರುವ ಸಾರ್ವಜನಿಕ ಆಸ್ಪತ್ರೆಯೊಂದರ ಮನೋವೈದ್ಯ ವಿಭಾಗಕ್ಕೆ ಮತ್ತೆ ಹೋದರು. ಈ ಸಲ ಮಾತ್ರೆಯನ್ನು ಅರ್ಧದಿಂದ ಶುರುಮಾಡಿ, ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳಲು ಹೇಳಿದರಂತೆ. ಮೂರನೇ ತಿಂಗಳಿಂದ ನಿದ್ದೆ ನೆಟ್ಟಗಾಗಿದೆ. ತಿಂಗಳಿಗೊಮ್ಮೆ ಅರ್ಧ ದಿನದ ರಜೆ ಹಾಕಿ ಹೋಗಿ ಬರುತ್ತಾರೆ, ಶೆಲ್ಫಿನಲ್ಲಿ ಸಕ್ಕರೆ ಡಬ್ಬಿಯ ಪಕ್ಕದ ಮಾತ್ರೆಗಳು ಈಗ ಹೊಸವು. ಲೈನಿನ ಸೂಪರ್‌ವೈಸರ್‌ಗೆ ಮಾತ್ರ ‘ಬಿಪಿ ತೋರಿಸ್ಕೊಂಡು ಬತ್ತೀನಿ ಸಾರ್’ ಎಂದೇ ಹೇಳಿ ಬರುತ್ತಾರೆ.